ಸಹಾಯ ಬೇಕು: ಪ್ರತಿಭೆಯನ್ನು ‘ಸ್ಕ್ವಾಂಡರ್’ ಮಾಡುವುದಕ್ಕೆ ಸರಿಯಾದ ಕನ್ನಡ ಕ್ರಿಯಾಪದ ಯಾವುದು?

ಅನುವಾದಕರು, ಇಂಗ್ಲಿಷ್ ಮೇಷ್ಟ್ರುಗಳು ದಯವಿಟ್ಟು ನೋಡಿ. ನಮ್ಮ ಇಂಗ್ಲಿಷ್-ಕನ್ನಡ ಪದಪಟ್ಟಿಯಲ್ಲಿ ‘ಸ್ಕ್ವಾಂಡರ್’ (squander: ಕೈಯಲ್ಲಿದ್ದುದನ್ನು ವಿವೇಚನೆಯಿಲ್ಲದೆ ಹಾಳುಮಾಡು) ಹತ್ತಿರ ಕೆಲಸ ನಿಂತಿದೆ.

ಇದು ಸಕರ್ಮಕ ಕ್ರಿಯಾಪದ. ಏನನ್ನು ಹಾಳುಮಾಡಿದರು ಎಂಬ ಕರ್ಮ ಬೇಕೇ ಬೇಕು. ಹಣ, ಸಮಯ, ಅವಕಾಶ, ಪ್ರತಿಭೆ, ಪಂದ್ಯದ ಮುನ್ನಡೆ, ಎಲ್ಲಕ್ಕೂ ಸಲ್ಲುತ್ತದೆ. ‘ಹಿಸ್ ಟ್ಯಾಲೆಂಟ್ ಸ್ಕ್ವಾಂಡರ್ಡ್’ ಎಂದು ಬರೆಯುವುದು ತಪ್ಪು; ‘ವಾಸ್ ಸ್ಕ್ವಾಂಡರ್ಡ್’ ಆಗಬೇಕು. ಯಾವುದಕ್ಕೆ ಸುರಿದರು ಎನ್ನುವಾಗ ಮುಂದೆ ‘ಆನ್’ ಬರುತ್ತದೆ. ‘ವೇಸ್ಟ್’ ಯಾರ ತಪ್ಪೂ ಇಲ್ಲದೆ ಆಗಬಹುದು, ಆದರೆ ಇಲ್ಲಿ ಕೈಯಲ್ಲಿದ್ದುದನ್ನು ಕಳೆದವರ ಮೇಲೆ ದೂರು ಇರುತ್ತದೆ. ಆ ದೂರೇ ಈ ಪದದ ಜೀವ.

ತೊಡಕು ಕನ್ನಡದಲ್ಲಿ. ‘ದುಂದುವೆಚ್ಚ’ ಹಣಕ್ಕಷ್ಟೇ. ‘ಪೋಲು ಮಾಡು’ ನೀರು, ದುಡ್ಡು, ಸಮಯಕ್ಕೆ ಚೆನ್ನ. ‘ಪ್ರತಿಭೆಯನ್ನು ಪೋಲು ಮಾಡಿದ’ ಎಂದರೆ ಕಿವಿಗೆ ಸ್ವಲ್ಪ ಒರಟು. ‘ಗೆಲುವನ್ನು ಕೈಚೆಲ್ಲಿದರು’ ಸೊಗಸಾಗಿದೆ, ಆದರೆ ‘ಕೈಚೆಲ್ಲಿ ಕೂತ’ ಅಂದಕೂಡಲೇ ಅರ್ಥ ಹತಾಶೆಗೆ ಜಾರುತ್ತದೆ. ‘ವ್ಯರ್ಥವಾಯಿತು’ ಎಂದರೆ ಮಾಡಿದವನೇ ಮಾಯ. ‘ಕಾಡಿನ ಬೆಳದಿಂಗಳು’ ನುಡಿಗಟ್ಟಿನಲ್ಲಿ ನೋಡುವವರಿಲ್ಲದ ನೋವಿದೆ, ದೂರಿಲ್ಲ. ಅದು ‘ಲ್ಯಾಂಗ್ವಿಶ್’ಗೆ (languish: ಕೇಳುವವರಿಲ್ಲದೆ ಸೊರಗು) ಹತ್ತಿರ.

ಸದ್ಯಕ್ಕೆ ‘ಮಣ್ಣುಪಾಲು ಮಾಡು’ ಇಟ್ಟಿದ್ದೇವೆ: ‘ಇದ್ದ ಪ್ರತಿಭೆಯನ್ನೆಲ್ಲ ಮಣ್ಣುಪಾಲು ಮಾಡಿಕೊಂಡ.’ ಆ ‘ಕೊಂಡ’ ದೂರನ್ನು ಅವನ ಮೇಲೇ ಹಾಕುತ್ತದೆ. ಆದರೆ ಔಪಚಾರಿಕ ವರದಿಗೆ ಇದು ತುಂಬಾ ಖಾರ.

ಧಾರವಾಡ, ಕರಾವಳಿ, ಮಲೆನಾಡಿನ ಕಡೆ ಪ್ರತಿಭೆಗೂ ಹಣಕ್ಕೂ ಒಂದೇ ಕ್ರಿಯಾಪದ ಬಳಕೆಯಲ್ಲಿದೆಯೇ? ಪೂರ್ತಿ ವಾಕ್ಯದಲ್ಲೇ ಬರೆದು ತಿಳಿಸಿ. ಬಿಡಿಪದ ಕೊಟ್ಟರೆ ವಿಭಕ್ತಿ ಹೊಂದುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ.