ಲಫಾಯೆಟ್ ಸ್ಟ್ರೀಟಿನ ಫೈರ್ ಸ್ಟೇಷನ್ ಸಿನಿಮಾ ಥಿಯೇಟರ್ ಆದದ್ದು ಹೇಗೆ?

ಹಾಸನದ_ಹೈದ:
ನ್ಯೂಯಾರ್ಕಿನಲ್ಲಿರುವವರಿಗೆ ಒಂದು ಪ್ರಶ್ನೆ. ಜ್ಯೂರಿ ಡ್ಯೂಟಿಗೆ ಅಂತ ಮ್ಯಾನ್‌ಹಟನ್ ಕೋರ್ಟಿಗೆ ಹೋಗಿದ್ದೆ. ಊಟಕ್ಕೆ ಬಿಟ್ಟಾಗ ಚೈನಾಟೌನ್ ಕಡೆ ಹೊರಟರೆ, ಲಫಾಯೆಟ್ ಮತ್ತು ವೈಟ್ ಸ್ಟ್ರೀಟ್ ಮೂಲೆಯಲ್ಲಿ ಪುಟ್ಟ ಅರಮನೆ ಥರದ ಕಟ್ಟಡ ಕಂಡಿತು. ಕಡಿದಾದ ಮಾಡು, ಮೂಲೆಯಲ್ಲೊಂದು ದುಂಡು ಗೋಪುರ, ಕೆಳಗೆ ಲಾರಿ ನುಗ್ಗುವಷ್ಟು ದೊಡ್ಡ ಬಾಗಿಲುಗಳು. ಹಳೇ ಫೈರ್ ಸ್ಟೇಷನ್ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಆದರೆ ಹೊರಗೆ ಸಿನಿಮಾ ಪೋಸ್ಟರ್! ಬೆಂಕಿ ಆರಿಸುವವರಿಗೆ ಅಷ್ಟೊಂದು ಅಲಂಕಾರ ಯಾಕೆ? ಸಿನಿಮಾದವರ ಕೈಗೆ ಅದು ಹೇಗೆ ಬಂತು?

ಅರಳೀಕಟ್ಟೆ_ಕ್ವೀನ್ಸ್:
ಅದು 87 ಲಫಾಯೆಟ್, ಇಂಜಿನ್ ಕಂಪನಿ 31 ಅನ್ನುವ ಬೆಂಕಿ ಆರಿಸುವ ತಂಡದ ಠಾಣೆ. ನಾನು ಅಲ್ಲೇ ವಿಡಿಯೊ ಎಡಿಟಿಂಗ್ ಕಲಿತವಳು. ಹಾಗಾಗಿ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಕಟ್ಟಿದ್ದು 1895ರಲ್ಲಿ. ನಕ್ಷೆ ನೆಪೋಲಿಯನ್ ಲೆಬ್ರನ್ ಅಂಡ್ ಸನ್ಸ್ ಅವರದ್ದು. ಆ ಕಾಲದ ನ್ಯೂಯಾರ್ಕ್ ಫೈರ್ ಸ್ಟೇಷನ್‌ಗಳಲ್ಲಿ ಎಷ್ಟೋ ಇವರ ಕೈಯಿಂದಲೇ ಆದವು. ಇದನ್ನು ಮಾತ್ರ ಫ್ರಾನ್ಸಿನ ಲುವಾರ್ ಕಣಿವೆಯ ಅರಮನೆಗಳ ಧಾಟಿಯಲ್ಲಿ ಮಾಡಿದ್ದಾರೆ. ಅಲಂಕಾರ ಯಾಕೆ ಅಂದರೆ, ನನಗೆ ತೋಚುವುದು ಇಷ್ಟು. 1865ರವರೆಗೆ ಇಲ್ಲಿ ಬೆಂಕಿ ಆರಿಸುತ್ತಿದ್ದವರು ಸಂಬಳವಿಲ್ಲದ ಸ್ವಯಂಸೇವಕರು. ನಾ ಮುಂದು ತಾ ಮುಂದು ಅಂತ ಬೀದಿಯಲ್ಲೇ ಹೊಡೆದಾಡುತ್ತಿದ್ದರು. ಆಮೇಲೆ ಸಂಬಳದ ಇಲಾಖೆ ಬಂತು. ಇನ್ನು ಇದು ಊರಿನ ಜವಾಬ್ದಾರಿ, ಪುಂಡರ ಕೂಟವಲ್ಲ ಅಂತ ಜನಕ್ಕೆ ಕಣ್ಣಾರೆ ತೋರಿಸಬೇಕಿತ್ತಲ್ಲ.

ಕೆಳಗಿನ ಹಾಲ್ ಕುದುರೆಗಳ ಕಾಲದ್ದು. ಉಗಿ ಪಂಪಿನ ಗಾಡಿ ಬಾಗಿಲಿಗೆ ಮುಖ ಮಾಡಿ ನಿಂತಿರುತ್ತಿತ್ತು. ಅದರ ಮುಂದೆ ಕುದುರೆಗೆ ಕಟ್ಟುವ ಸರಂಜಾಮನ್ನು ಸೂರಿನಿಂದ ಇಳಿಬಿಟ್ಟಿರುತ್ತಿದ್ದರು. ಗಂಟೆ ಹೊಡೆದರೆ ಸಾಕು, ಪಳಗಿದ ಕುದುರೆಗಳು ತಾವಾಗಿಯೇ ಬಂದು ಅದರ ಕೆಳಗೆ ನಿಲ್ಲುತ್ತಿದ್ದವು. ಸರಂಜಾಮು ಮೇಲಿನಿಂದ ಬೆನ್ನಿಗೆ ಬೀಳುತ್ತಿತ್ತು, ಕೊರಳಪಟ್ಟಿ ಕ್ಲಿಕ್ ಅಂತ ಕೂರುತ್ತಿತ್ತು, ಹೊರಟೇಬಿಟ್ಟರು! ನ್ಯೂಯಾರ್ಕಿನಲ್ಲಿ ಈ ಕುದುರೆಗಳು ಕೊನೆಯ ಸಲ ಓಡಿದ್ದು 1922ರಲ್ಲಿ.

1966ರಲ್ಲಿ ಕಟ್ಟಡಕ್ಕೆ ಲ್ಯಾಂಡ್‌ಮಾರ್ಕ್ ಪಟ್ಟ ಸಿಕ್ಕಿತು. ಸುಮ್ನೆ ಕೆಡವುವ ಹಾಗಿಲ್ಲ. ಆದರೆ ಆ ಪಟ್ಟ ಕಾಯುವುದು ಗೋಡೆಯನ್ನು, ಕೆಲಸವನ್ನಲ್ಲ. 1972ರಲ್ಲಿ ಇಂಜಿನ್ 31 ಅನ್ನೇ ರದ್ದು ಮಾಡಿದರು. ಅದೇ ವರ್ಷ ಜಾನ್ ಆಲ್ಪರ್ಟ್ ಮತ್ತು ಕೇಕೊ ತ್ಸುನೊ ಗಂಡಹೆಂಡತಿ ಡಿಸಿಟಿವಿ ಅನ್ನುವ ಸಮುದಾಯ ವಿಡಿಯೊ ಸಂಸ್ಥೆ ಶುರು ಮಾಡಿದ್ದರು. ಹಳೇ ಅಂಚೆ ವ್ಯಾನಿಗೆ ಟಿವಿ ಹಾಕಿಕೊಂಡು, ಚೈನಾಟೌನ್ ಬೀದಿಮೂಲೆಗಳಲ್ಲಿ ಆ ಬೀದಿಯವರ ಕಥೆಯನ್ನೇ ತೋರಿಸುತ್ತಿದ್ದರು. ಎಪ್ಪತ್ತರ ದಶಕದ ಕೊನೆಗೆ ಈ ಠಾಣೆಗೆ ಬಂದರು. ಬಡಾವಣೆಯ ಮಕ್ಕಳಿಗೆ, ನನ್ನಂಥವರಿಗೆ ಕ್ಯಾಮೆರಾ ಹಿಡಿಯುವುದನ್ನು ಕಲಿಸಿದರು. ಬೀದಿಯಲ್ಲಿ ಟ್ರಕ್ ಹೋದರೆ ಕಿಟಕಿ ಗಡಗಡ ಅನ್ನುತ್ತಿತ್ತು. ಆ ಸದ್ದು ನನ್ನ ರೆಕಾರ್ಡಿಂಗಿನದ್ದೋ ಹೊರಗಿನದ್ದೋ ಅಂತ ಹೆಡ್‌ಫೋನ್ ತೆಗೆದು ನೋಡುವುದೇ ಒಂದು ಕೆಲಸ.

ನೀವು ನೋಡಿದ ಥಿಯೇಟರ್ 2022ರ ಸೆಪ್ಟೆಂಬರಿನಲ್ಲಿ ತೆರೆಯಿತು. 67 ಸೀಟು. ಹಾಕುವುದು ಸಾಕ್ಷ್ಯಚಿತ್ರಗಳನ್ನೇ.

ಥೇಮ್ಸ್_ದಂಡೆ:
ಅಕ್ಕ, ಲಂಡನ್ನಿನಲ್ಲಿ ಇದೇ ಕಥೆ ಬೇರೆ ದಾರಿ ಹಿಡಿಯಿತು. ಮ್ಯಾಂಚೆಸ್ಟರ್ ಸ್ಕ್ವೇರ್ ಫೈರ್ ಸ್ಟೇಷನ್, 1889ರದ್ದು. 2005ರಲ್ಲಿ ಮುಚ್ಚಿದರು. 2014ರಲ್ಲಿ ಚಿಲ್ಟರ್ನ್ ಫೈರ್‌ಹೌಸ್ ಅಂತ ಹೋಟೆಲ್ ಆಯಿತು, ಸಿನಿಮಾ ನಟರೆಲ್ಲ ಬರುತ್ತಿದ್ದ ಜಾಗ. 2025ರ ಫೆಬ್ರವರಿ 14ರಂದು ಅದಕ್ಕೇ ಬೆಂಕಿ ಬಿತ್ತು! ಆರಿಸಲು ಬೇರೆ ಠಾಣೆಗಳಿಂದ 20 ಇಂಜಿನ್ ಬರಬೇಕಾಯಿತು.

ಸೈರನ್_ಮಗ:
ನಮ್ಮಪ್ಪ ಕರ್ನಾಟಕದಲ್ಲಿ ಫೈರ್ ಸರ್ವೀಸಿನಲ್ಲಿದ್ದವರು. ಥಿಯೇಟರ್, ಹೋಟೆಲ್ ಎಲ್ಲ ಸರಿ. ಆದರೆ ಠಾಣೆ ಮುಚ್ಚಿದರೆ ಆ ಬೀದಿಗೆ ಇಂಜಿನ್ ತಲುಪುವುದು ತಡವಾಗುತ್ತದೆ. ಅಪ್ಪ ಮನೆಯಲ್ಲಿ ಯಾವಾಗಲೂ ನಿಮಿಷದ ಲೆಕ್ಕದಲ್ಲೇ ಮಾತಾಡುತ್ತಿದ್ದರು. ಕಟ್ಟಡ ಚೆನ್ನಾಗಿ ಉಳಿದಿದೆ ಅಂತ ಖುಷಿಪಡುವಾಗ ಇದನ್ನು ಯಾರೂ ಎತ್ತುವುದಿಲ್ಲ.

ಅರಳೀಕಟ್ಟೆ_ಕ್ವೀನ್ಸ್:
ಎತ್ತಿದ್ದು ಒಳ್ಳೇದಾಯಿತು, ತಮ್ಮಾ. ಹಳೇ ಠಾಣೆಗಳು ಹತ್ತಿರ ಹತ್ತಿರ ಇದ್ದದ್ದು ಕುದುರೆಗಳಿಂದಾಗಿ. ಅಷ್ಟು ಭಾರದ ಗಾಡಿ ಎಳೆದುಕೊಂಡು ಅವು ದೂರ ಓಡಲಾರವು. ಮೋಟಾರ್ ಬಂದಮೇಲೆ ಇಷ್ಟೊಂದು ಠಾಣೆ ಯಾಕೆ ಅನ್ನುವ ವಾದ ಶುರುವಾಯಿತು. ಆ ವಾದದಲ್ಲಿ ಟ್ರಾಫಿಕ್ ಲೆಕ್ಕಕ್ಕೇ ಬರುವುದಿಲ್ಲ ನೋಡಿ. ಸಂಜೆ ಕೆನಾಲ್ ಸ್ಟ್ರೀಟಿನಲ್ಲಿ ಸೈರನ್ ಹಾಕಿಕೊಂಡು ನಿಂತ ಇಂಜಿನ್ ನಾನೇ ನೋಡಿದ್ದೇನೆ. ಲಫಾಯೆಟ್ ಮಟ್ಟಿಗೆ ಡುವೇನ್ ಸ್ಟ್ರೀಟಿನ ಇಂಜಿನ್ 7 ಹತ್ತಿರವೇ ಇದೆ. ಎಲ್ಲ ಬಡಾವಣೆಗೂ ಆ ಅದೃಷ್ಟ ಇಲ್ಲ.

ಹೇಗಿದ್ದರೂ ಮುಚ್ಚಿಹೋದದ್ದು ಅಂದಮೇಲೆ, ಹೋಟೆಲಿಗಿಂತ ಇದು ವಾಸಿ ಅನ್ನುವವಳು ನಾನು. ಟಿಕೆಟ್ ತಗೊಂಡರೆ ಆ ಬೀದಿಯವರೂ ಒಳಗೆ ಹೋಗಬಹುದು.

ಹಾಸನದ_ಹೈದ:
ಎಲ್ಲರಿಗೂ ಥ್ಯಾಂಕ್ಸ್. ಆ ಕುದುರೆ ಗಾಡಿಗಳನ್ನು ಎಲ್ಲಾದರೂ ನೋಡಬಹುದಾ? ಮಗಳಿಗೆ ಕುದುರೆ ಅಂದ್ರೆ ಪ್ರಾಣ.

ಅರಳೀಕಟ್ಟೆ_ಕ್ವೀನ್ಸ್:
278 ಸ್ಪ್ರಿಂಗ್ ಸ್ಟ್ರೀಟ್. ಅದೂ 1904ರ ಫೈರ್ ಸ್ಟೇಷನ್ನೇ, ಇಂಜಿನ್ 30ರದ್ದು. 1987ರಿಂದ ಅಗ್ನಿಶಾಮಕ ಮ್ಯೂಸಿಯಂ. ಹೋಗುವ ಮುಂಚೆ ತೆರೆದಿದೆಯಾ ಅಂತ ವೆಬ್‌ಸೈಟ್ ನೋಡಿಕೊಳ್ಳಿ.