ಮೊಟ್ಟೆ ಕಟ್ಟಿಕೊಂಡು ಬರುವ ಬುತ್ತಿ: ಭ್ರೂಣತಜ್ಞೆಯೊಂದಿಗೆ ಬಳಗದ ಸದಸ್ಯೆಯರ ಪ್ರಶ್ನೋತ್ತರ

ಪ್ರಶ್ನೆ (ದಾವಣಗೆರೆ): ಮೇಡಂ, ನನಗೆ 38 ವರ್ಷ. ಐವಿಎಫ್‌ನಲ್ಲಿ (ದೇಹದ ಹೊರಗೆ ಲ್ಯಾಬ್‌ನಲ್ಲಿ ಫಲಿತಗೊಳಿಸುವ ಚಿಕಿತ್ಸೆ) ಏಳು ಅಂಡಾಣು ಸಿಕ್ಕು ಐದು ಭ್ರೂಣಗಳಾದವು. ಮೂರನೇ ದಿನ ಎಲ್ಲವೂ ಚೆನ್ನಾಗಿದ್ದವು, ಐದನೇ ದಿನಕ್ಕೆ ಒಂದೂ ಉಳಿಯಲಿಲ್ಲ. ‘ಮೈಟೊಕಾಂಡ್ರಿಯ ದುರ್ಬಲ’ ಎಂದು ತಿಂಗಳಿಗೆ ನಾಲ್ಕು ಸಾವಿರದ ಮಾತ್ರೆ ಬರೆದುಕೊಟ್ಟರು. ಅದೇನೆಂದು ಕೇಳುವಷ್ಟರಲ್ಲಿ ಮುಂದಿನ ಟೋಕನ್ ಕೂಗಿದರು. ಮಾತ್ರೆಯಿಂದ ಸರಿಹೋಗುತ್ತದೆಯೇ?

ಉತ್ತರ: ಮೈಟೊಕಾಂಡ್ರಿಯ ಎಂದರೆ ‘ಜೀವಕೋಶದ ಶಕ್ತಿಕೇಂದ್ರ’ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿರುತ್ತೇವೆ. ಮೊಟ್ಟೆಯ ಮಟ್ಟಿಗೆ ಅಷ್ಟು ಸಾಲದು. ಬಲಿತ ಅಂಡಾಣುವಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮೈಟೊಕಾಂಡ್ರಿಯಗಳಿರುತ್ತವೆ. ದೇಹದ ಬೇರೆ ಯಾವ ಜೀವಕೋಶವೂ ಇದರ ಹತ್ತಿರ ಬರುವುದಿಲ್ಲ. ಇಷ್ಟೇಕೆ? ದೂರ ಹೊರಟವರಿಗೆ ನಮ್ಮ ಕಡೆ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಡುತ್ತಾರಲ್ಲ, ಹಾಗೆ. ದಾರಿಯಲ್ಲಿ ಒಲೆ ಹಚ್ಚುವಂತಿಲ್ಲ. ಫಲಿತ ಮೊಟ್ಟೆ ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುವಾಗ ಮೈಟೊಕಾಂಡ್ರಿಯದ ಡಿಎನ್‌ಎ ಹೊಸದಾಗಿ ಹೆಚ್ಚುವುದು ಬಹುಮಟ್ಟಿಗೆ ನಿಂತಿರುತ್ತದೆ. ಐದನೇ ದಿನದ ಬ್ಲಾಸ್ಟೊಸಿಸ್ಟ್ ಹಂತದವರೆಗೂ (ಭ್ರೂಣ ಟೊಳ್ಳು ಚೆಂಡಿನಂತಾಗುವ ಹಂತ) ಇದೇ ಕಥೆ. ತಾಯಿ ಕಟ್ಟಿದ ಬುತ್ತಿಯನ್ನೇ ಎಲ್ಲ ಜೀವಕೋಶಗಳೂ ಹಂಚಿಕೊಳ್ಳಬೇಕು.

ಬುತ್ತಿ ಖರ್ಚಾಗುವ ಕೆಲಸಗಳಲ್ಲಿ ಮುಖ್ಯವಾದುದು ಜೀನ್‌ಗಳನ್ನು ಹೊತ್ತ ವರ್ಣತಂತುಗಳನ್ನು (ಕ್ರೋಮೋಸೋಮ್) ಸಮನಾಗಿ ಎರಡು ಕಡೆಗೆ ಎಳೆಯುವುದು. ಅದನ್ನು ಮಾಡುವ ಎಳೆಗಳ ರಚನೆಗೆ ಕದಿರು ಎನ್ನುತ್ತಾರೆ. ಹತ್ತಿ ಗಿರಣಿಗಳ ಊರಿನವರಿಗೆ ಆ ಪದ ಹೊಸದಲ್ಲ. ಶಕ್ತಿ ಕಡಿಮೆಯಾದರೆ ಕದಿರು ಓರೆಯಾಗಿ ವರ್ಣತಂತು ಹೆಚ್ಚುಕಡಿಮೆಯಾಗಬಹುದು. ನಿಮ್ಮ ಮೊಟ್ಟೆಗಳು ನೀವು ಹುಟ್ಟುವ ಮೊದಲೇ ರೂಪುಗೊಂಡವು, ಅವಕ್ಕೂ 38 ದಾಟಿದೆ. ಆದರೆ ವಯಸ್ಸಾದ ಮೊಟ್ಟೆಯಲ್ಲಿ ವರ್ಣತಂತುಗಳನ್ನು ಜೋಡಿಸಿಟ್ಟ ಅಂಟೂ ಸವೆದಿರುತ್ತದೆ. ಎಲ್ಲವನ್ನೂ ಮೈಟೊಕಾಂಡ್ರಿಯದ ತಲೆಗೆ ಕಟ್ಟುವುದು ಸರಿಯಲ್ಲ. ‘ದುರ್ಬಲ’ ಎಂದವರು ಅಳೆದು ನೋಡಿ ಹೇಳಿದರೇ? ವಾಡಿಕೆಯಲ್ಲಿ ನಂಬಬಹುದಾದ ಅಂಥ ಪರೀಕ್ಷೆ ಇಲ್ಲ. ಅದು ಊಹೆ.

ಮಾತ್ರೆ ಕೋಎನ್‌ಜೈಮ್ ಕ್ಯೂ10 ಇರಬೇಕು, ಮೈಟೊಕಾಂಡ್ರಿಯ ಶಕ್ತಿ ತಯಾರಿಸಲು ಬಳಸುವ ವಸ್ತು ಅದು. ವಯಸ್ಸಾದ ಇಲಿಗಳಲ್ಲಿ ಒಳ್ಳೆಯ ಫಲ ಕಂಡಿದೆ. ಮನುಷ್ಯರಲ್ಲಿ ನಡೆದ ಪ್ರಯೋಗಗಳು ಚಿಕ್ಕವು. ಮಗು ಹುಟ್ಟುವ ಸಾಧ್ಯತೆ ಹೆಚ್ಚುತ್ತದೆಂಬುದು ದೃಢಪಟ್ಟಿಲ್ಲ. ಸಾಮಾನ್ಯವಾಗಿ ಅಪಾಯವಿಲ್ಲ, ಆದರೆ ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿ. ಸಾಲ ಮಾಡಿ ನುಂಗುವಂಥ ಮಾತ್ರೆ ಅಲ್ಲ.

ಅದೇ ಸದಸ್ಯೆ: ಮೈಟೊಕಾಂಡ್ರಿಯ ತಾಯಿಯಿಂದ ಮಾತ್ರ ಬರುತ್ತದಂತೆ. ನಮ್ಮ ಅತ್ತೆಯವರಿಗೆ ಯಾರೋ ಮೊಬೈಲಿನಲ್ಲಿ ತೋರಿಸಿದ್ದಾರೆ. ‘ಹಾಗಾದರೆ ದೋಷ ನಿನ್ನದೇ’ ಎನ್ನುತ್ತಿದ್ದಾರೆ.

ಉತ್ತರ: ಮೊದಲ ಮಾತು ನಿಜ. ವೀರ್ಯಾಣುವಿನ ಹತ್ತಾರು ಮೈಟೊಕಾಂಡ್ರಿಯಗಳು ಬಾಲ ಬೀಸಲು ಬೇಕಾದವು. ಮೊಟ್ಟೆಯೊಳಗೆ ಬಂದ ಮೇಲೆ ಮೊಟ್ಟೆಯೇ ಗುರುತು ಹಾಕಿ ಅವನ್ನು ಅಳಿಸಿಬಿಡುತ್ತದೆ. ಎರಡನೇ ಮಾತು ತಪ್ಪು. ಮೊದಲೆರಡು ದಿನ ಭ್ರೂಣ ತಾಯಿಯ ಸರಕಿನ ಮೇಲೆ ನಡೆಯುತ್ತದೆ. ನಾಲ್ಕರಿಂದ ಎಂಟು ಜೀವಕೋಶಗಳ ಹೊತ್ತಿಗೆ, ಅಂದರೆ ಹೆಚ್ಚುಕಡಿಮೆ ಮೂರನೇ ದಿನ, ಅದರ ಸ್ವಂತ ಜೀನ್‌ಗಳು ಕೆಲಸಕ್ಕೆ ಇಳಿಯುತ್ತವೆ. ಅವುಗಳಲ್ಲಿ ಅರ್ಧ ತಂದೆಯವು. ನಿಮ್ಮ ಭ್ರೂಣಗಳ ಬೆಳವಣಿಗೆ ನಿಂತದ್ದು ಆ ಮೂರನೇ ದಿನದ ನಂತರವೇ. ನಿಮ್ಮ ಯಜಮಾನರ ಪರೀಕ್ಷೆ ಎಷ್ಟರಮಟ್ಟಿಗೆ ಆಗಿದೆ? ಗುಟ್ಕಾ, ಬೀಡಿ ಇದೆಯೇ?

ಅದೇ ಸದಸ್ಯೆ: ಎಣಿಕೆ ನೋಡಿ ‘ನಾರ್ಮಲ್’ ಎಂದಿದ್ದರು, ಅಷ್ಟೇ. ಗುಟ್ಕಾ ಇದೆ.

ಪ್ರಶ್ನೆ (ಚಳ್ಳಕೆರೆ): ಡಾಕ್ಟರೇ, ಬೇರೆಯವರ ಮೈಟೊಕಾಂಡ್ರಿಯ ಹಾಕಿಸಿಕೊಳ್ಳಬಹುದಂತೆ, ‘ಮೂವರು ಪೋಷಕರ ಮಗು’ ಎಂದು ಓದಿದೆ. ಈ ಅಕ್ಕನಿಗೆ ಆಗುವುದಿಲ್ಲವೇ?

ಉತ್ತರ: ಅದು ವಯಸ್ಸಿನ ತೊಂದರೆಗಲ್ಲ. ಮೈಟೊಕಾಂಡ್ರಿಯದ 37 ಜೀನ್‌ಗಳಲ್ಲಿ ಗಂಭೀರ ಕಾಯಿಲೆ ಹೊತ್ತ ತಾಯಂದಿರಿಗಾಗಿ ಬ್ರಿಟನ್ 2015ರಲ್ಲಿ ಅನುಮತಿ ಕೊಟ್ಟಿತು. ನ್ಯೂಕ್ಯಾಸಲ್‌ನಲ್ಲಿ ಎಂಟು ಮಕ್ಕಳು ಹುಟ್ಟಿದ ವರದಿ 2025ರಲ್ಲಿ ಬಂತು. ಸ್ವಂತ ಮೈಟೊಕಾಂಡ್ರಿಯವನ್ನೇ ಮೊಟ್ಟೆಗೆ ಚುಚ್ಚುವ ಪ್ರಯೋಗವೂ ಸ್ಪೇನ್‌ನಲ್ಲಿ ನಡೆಯಿತು, ಭ್ರೂಣದ ಗುಣಮಟ್ಟ ಸುಧಾರಿಸಲಿಲ್ಲ.

ಮೊದಲ ಸದಸ್ಯೆ: ಇವರಿಗೆ ಓದಿ ಹೇಳಿದೆ. ಸೋಮವಾರ ರಜೆ ಹಾಕುತ್ತಾರಂತೆ.

ಉತ್ತರ: ಒಳ್ಳೆಯದು. ಪರೀಕ್ಷೆಗೆ ವೀರ್ಯದ ಮಾದರಿ ಕೊಡುವ ಮೊದಲು, ಹಿಂದಿನ ಸ್ಖಲನದಿಂದ ಎರಡರಿಂದ ಏಳು ದಿನಗಳ ಅಂತರ ಇರಲಿ. ಎಣಿಕೆಯ ಜೊತೆಗೆ ವೀರ್ಯಾಣುವಿನ ಡಿಎನ್‌ಎ ಹಾನಿಯ ಪರೀಕ್ಷೆ ಬೇಕೇ ಎಂದು ಕೇಳಿ, ಹಿಂದಿನ ಐವಿಎಫ್‌ನ ಭ್ರೂಣಗಳ ಐದು ದಿನಗಳ ಲ್ಯಾಬ್ ದಾಖಲೆಯನ್ನೂ ಕೊಂಡೊಯ್ಯಿರಿ. ಹೊಸ ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು, ಗುಟ್ಕಾ ಬಿಡುವ ಲೆಕ್ಕ ಇವತ್ತಿನಿಂದಲೇ ಶುರುವಾಗಲಿ.