ಡಾಟ್ ಬಾಲಿಗೆ ಚಪ್ಪಾಳೆ

ಐಪಿಎಲ್ ಬಂತೆಂದರೆ ನಮ್ಮ ಗೆಳೆಯರಾದ ರಾಯರ ಮನೆಯಲ್ಲಿ ಎರಡು ಸ್ಕೋರುಗಳು ಏಕಕಾಲಕ್ಕೆ ಏರತೊಡಗುತ್ತವೆ. ಒಂದು ಟಿ.ವಿ. ಪರದೆಯ ಮೇಲಿನದು, ಇನ್ನೊಂದು ಬಾಗಿಲ ಪಕ್ಕದ ವಿದ್ಯುತ್ ಮೀಟರಿನದು. ಮೊದಲನೆಯದನ್ನು ರಾಯರು ನೋಡುತ್ತಾರೆ, ಎರಡನೆಯದನ್ನು ಅವರ ಮನೆಯವರು ನೋಡುತ್ತಾರೆ. ಪಂದ್ಯ ಮುಗಿದ ಮೇಲೆ ಯಾರ ಸ್ಕೋರಿನ ಬಗ್ಗೆ ಹೆಚ್ಚು ಹೊತ್ತು ಚರ್ಚೆ ನಡೆಯುತ್ತದೆ ಎಂಬುದನ್ನು ಮದುವೆಯಾದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ರಾಯರ ಮನೆಯವರನ್ನು ನಾವೆಲ್ಲರೂ ಅತ್ತಿಗೆ ಎಂದೇ ಕರೆಯುತ್ತೇವೆ. ಅತ್ತಿಗೆಯವರ ಪರಿಸರ ಕಾಳಜಿ ಜೂನ್ 5ರಂದು ಸಸಿಯ ಜೊತೆ ನಿಂತು ಫೋಟೋ ತೆಗೆಸಿಕೊಳ್ಳುವ ಬಗೆಯದಲ್ಲ. ಅವರ ಬಚ್ಚಲಲ್ಲಿ ಶಾಂಪೂವಿನ ಜಾಗದಲ್ಲಿ ಸೀಗೆಕಾಯಿ ಇದೆ, ತಾರಸಿಯ ಮೇಲೆ ಹಸಿ ಕಸದ ಗೊಬ್ಬರದ ಮಡಕೆಗಳಿವೆ, ಬೀದಿಯಲ್ಲಿ ಯಾರ ಮನೆಯ ಮದುವೆಯಾದರೂ ಪ್ಲಾಸ್ಟಿಕ್ ಲೋಟ ಕಾಣದಂತೆ ಎರವಲು ಕೊಡಲು ಸ್ಟೀಲಿನ ತಟ್ಟೆ ಲೋಟಗಳ ಗಂಟೇ ಇದೆ. ಇಂಥ ಮನೆಯಲ್ಲಿ, ಎರಡು ತಿಂಗಳ ಕಾಲ ಪ್ರತಿ ಸಂಜೆ ಏಳೂವರೆಗೆ ಮಹಾದೀಪಗಳ ಕೆಳಗೆ ನಡೆಯುವ ಆಟವನ್ನು ನೋಡುವ ಗಂಡಸು ಹೇಗೆ ಬದುಕಬೇಕು ಎಂಬುದೇ ಭಾನುವಾರ ಬಸವನಗುಡಿಯ ದರ್ಶಿನಿಯೊಂದರ ಮುಂದೆ ನಮ್ಮ ಬೈಟು ಕಾಫಿಯ ಜೊತೆ ಚರ್ಚೆಗೆ ಬಂದ ವಿಷಯವಾಗಿತ್ತು.

“ಟಿ.ವಿ. ನೋಡುವುದರಿಂದ ಪ್ರಪಂಚ ಮುಳುಗುವುದಿಲ್ಲ, ರಾಯರೇ” ಎಂದು ವಿದ್ಯುತ್ ಸಾಮಾನಿನ ಅಂಗಡಿ ಇಟ್ಟಿರುವ ಶೆಟ್ಟರು ತಮ್ಮ ಕಸುಬಿನ ಘನತೆಯಿಂದಲೇ ಆರಂಭಿಸಿದರು. “ನಿಮ್ಮ ಟಿ.ವಿ. ನೂರು ವ್ಯಾಟಿನದು ಎಂದೇ ಇಟ್ಟುಕೊಳ್ಳಿ. ಹತ್ತು ಗಂಟೆ ಉರಿದರೆ ಒಂದು ಯೂನಿಟ್. ಒಂದು ಪಂದ್ಯಕ್ಕೆ ನಾಲ್ಕು ಗಂಟೆ ಎಂದರೆ ಅರ್ಧ ಯೂನಿಟ್ ಕೂಡ ಆಗುವುದಿಲ್ಲ. 74 ಪಂದ್ಯಗಳನ್ನು ಒಂದೂ ಬಿಡದೆ ನೋಡಿದರೂ ಇಡೀ ಐಪಿಎಲ್‌ಗೆ 30 ಯೂನಿಟ್ ದಾಟುವುದಿಲ್ಲ. ನಿಮ್ಮ ಬಚ್ಚಲಿನ ಗೀಸರ್ ಎರಡು ಸಾವಿರ ವ್ಯಾಟಿನದು. ಅದು ಹನ್ನೆರಡು ನಿಮಿಷ ಉರಿದರೆ ಒಂದು ಇಡೀ ಪಂದ್ಯದ ವಿದ್ಯುತ್ ಖರ್ಚಾಗಿ ಹೋಗುತ್ತದೆ. ಇದನ್ನು ಅತ್ತಿಗೆಯವರ ಮುಂದೆ ಹೇಳಿ ನೋಡಿ.”

“ಹೇಳಿದೆ” ಎಂದರು ರಾಯರು. ಆ ಒಂದು ಪದದಲ್ಲಿದ್ದ ನಿಟ್ಟುಸಿರಿಗೆ ದರ್ಶಿನಿಯ ಕಾಫಿ ಕೂಡ ಆರಿರಬೇಕು. “ಲೆಕ್ಕ ಬಹಳ ಚೆನ್ನಾಗಿದೆ ಎಂದಳು. ಅಂದಿನಿಂದ ಪಂದ್ಯವಿರುವ ದಿನಗಳಲ್ಲಿ ನನಗೆ ತಣ್ಣೀರಿನ ಸ್ನಾನ.”

ಗಣಿತದಿಂದ ಹೆಂಡತಿಯನ್ನು ಗೆಲ್ಲಲು ಹೊರಟವರ ಗತಿ ಎಲ್ಲ ಕಾಲಕ್ಕೂ ಇಷ್ಟೇ ಎಂದು ನನಗೆ ಅನ್ನಿಸಿತಾದರೂ, ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು ಅಷ್ಟಕ್ಕೆ ಬಿಡುವವರಲ್ಲ. ಅವರಿಗೆ ಲೆಕ್ಕ ಎಲ್ಲಿ ಅರ್ಧಕ್ಕೆ ನಿಂತಿದ್ದರೂ ಅದನ್ನು ಮುಗಿಸಿಯೇ ತೀರಬೇಕು. “ಶೆಟ್ಟರು ಉರಿಯುವ ಟಿ.ವಿ.ಯ ಲೆಕ್ಕ ಹೇಳಿದರೇ ಹೊರತು ಮಲಗಿರುವ ಟಿ.ವಿ.ಯ ಲೆಕ್ಕ ಹೇಳಲಿಲ್ಲ. ರಿಮೋಟಿನಿಂದ ಆರಿಸಿದಿರೆಂದರೆ ಸೆಟ್‌ಟಾಪ್ ಬಾಕ್ಸ್ ನಿಜವಾಗಿ ಆರಿರುವುದಿಲ್ಲ. ಅದು ಹತ್ತು ವ್ಯಾಟ್ ಎಳೆಯುತ್ತಿದ್ದರೂ ದಿನವಿಡೀ ಸೇರಿದರೆ ಸುಮಾರು ಕಾಲು ಯೂನಿಟ್. ಅಂದರೆ ಪಂದ್ಯವನ್ನು ನೋಡದೆ ಇರುವುದಕ್ಕೂ ಅರ್ಧ ಪಂದ್ಯ ನೋಡಿದಷ್ಟು ವಿದ್ಯುತ್ ಬೇಕು.”

“ಅದನ್ನು ಅವಳು ನನಗಿಂತ ಮೊದಲೇ ಕಂಡುಹಿಡಿದಿದ್ದಾಳೆ” ಎಂದರು ರಾಯರು. “ಪಂದ್ಯ ಮುಗಿದ ಕ್ಷಣವೇ ಗೋಡೆಯ ಸ್ವಿಚ್ಚು ಆರಿಹೋಗುತ್ತದೆ. ಮರುದಿನ ಸಂಜೆ ಆ ಡಬ್ಬಿ ಕಣ್ಣು ಬಿಟ್ಟು, ಮೈ ಮುರಿದು, ಉಪಗ್ರಹವನ್ನು ಹುಡುಕಿ ಚಿತ್ರ ತೋರಿಸುವ ಹೊತ್ತಿಗೆ ಮೊದಲ ಓವರ್ ಮುಗಿದಿರುತ್ತದೆ. ನಮ್ಮ ಆರ್‌ಸಿಬಿ ಮೊದಲು ಬ್ಯಾಟ್ ಮಾಡಿದರೆ ಎಷ್ಟೋ ಸಲ ಆ ಹೊತ್ತಿಗೆ ಒಂದು ವಿಕೆಟ್ಟೂ ಹೋಗಿರುತ್ತದೆ.”

ಆರ್‌ಸಿಬಿಯ ಹೆಸರು ಬಂದೊಡನೆ ಗೌಡರು ಲೋಟವನ್ನು ಕಟ್ಟೆಯ ಮೇಲಿಟ್ಟರು. ಗೌಡರು ಆ ತಂಡದ ಭಕ್ತರು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ತಂಡವನ್ನು 6 ರನ್‌ಗಳಿಂದ ಸೋಲಿಸಿ ಕಪ್ಪು ಗೆಲ್ಲುವವರೆಗೆ ಹದಿನೆಂಟು ಋತುಗಳ ಕಾಲ ‘ಈ ಸಲ ಕಪ್ ನಮ್ದೇ’ ಎಂಬ ಮಂತ್ರವನ್ನು ಜಪಿಸಿದವರು. “ಪರಿಸರದ ವಿಷಯದಲ್ಲಿ ನಮ್ಮ ತಂಡಕ್ಕೆ ಯಾರೂ ಪಾಠ ಹೇಳಬೇಕಾಗಿಲ್ಲ. 2011ರಿಂದಲೇ ಋತುವಿಗೊಂದು ಪಂದ್ಯವನ್ನು ಹಸಿರು ಅಂಗಿ ತೊಟ್ಟು ಆಡುವ ಪದ್ಧತಿ ಇಟ್ಟುಕೊಂಡಿದ್ದಾರೆ. ಟಾಸಿನ ವೇಳೆ ಎದುರು ತಂಡದ ನಾಯಕನ ಕೈಗೆ ಒಂದು ಸಸಿಯನ್ನು ಕೊಡುತ್ತಾರೆ. 2016ರಲ್ಲಿ ಗುಜರಾತ್ ಲಯನ್ಸ್ ವಿರುದ್ಧ ಕೊಹ್ಲಿ, ಡಿವಿಲಿಯರ್ಸ್ ಇಬ್ಬರೂ ಶತಕ ಬಾರಿಸಿ 144 ರನ್‌ಗಳಿಂದ ಗೆದ್ದದ್ದು ಹಸಿರು ಅಂಗಿಯಲ್ಲಿಯೇ ಅಲ್ಲವೇ?”

“ಅಲ್ಲಿಗೆ ನಿಲ್ಲಿಸಿದರೆ ಹೇಗೆ, ಗೌಡರೇ? 2022ರ ಹಸಿರು ಪಂದ್ಯದಲ್ಲಿ ಕೊಹ್ಲಿ ಮೊದಲ ಎಸೆತಕ್ಕೇ ಔಟು. ಔಟು ಮಾಡಿದವನು ನಮ್ಮ ಮೈಸೂರಿನ ಹುಡುಗ ಸುಚಿತ್. 2023ರ ಏಪ್ರಿಲ್ 23ರ ಹಸಿರು ಪಂದ್ಯದಲ್ಲಿ ಮತ್ತೆ ಮೊದಲ ಎಸೆತ, ಈ ಸಲ ಬೌಲ್ಟ್” ಎಂದರು ಶೆಟ್ಟರು.

“ಎರಡೂ ಪಂದ್ಯಗಳನ್ನು ಗೆದ್ದೆವು!” ಎಂದು ಗೌಡರು ಗುಡುಗಿದರು.

ಹಸಿರು ದಿನದಂದು ಈಗೀಗ ಅತ್ತಿಗೆಯವರೂ ಟಿ.ವಿ.ಯ ಮುಂದೆ ಕೂರುತ್ತಾರೆ ಎಂದು ರಾಯರು ತಿಳಿಸಿದರು. ಆದರೆ ಅವರು ಕೂರುವ ಕಾರಣವೇ ಬೇರೆ. ಆ ಅಂಗಿಗಳನ್ನು ಮರುಬಳಕೆಯ ವಸ್ತುವಿನಿಂದ ಮಾಡಿದ್ದೇನೋ ಸರಿ, ಪಂದ್ಯ ಮುಗಿದ ಮೇಲೆ ಅವುಗಳನ್ನು ಮತ್ತೆ ತೊಡುತ್ತಾರೋ ಅಥವಾ ಮುಂದಿನ ವರ್ಷಕ್ಕೆ ಹೊಸದನ್ನು ಹೊಲಿಸುತ್ತಾರೋ ಎಂಬುದು ಅವರ ಪ್ರಶ್ನೆ. ಟಾಸಿನಲ್ಲಿ ಕೊಟ್ಟ ಸಸಿಯನ್ನು ಎದುರು ತಂಡದವರು ಎಲ್ಲಿ ನೆಟ್ಟರು, ಅದಕ್ಕೆ ನೀರು ಹಾಕುವವರು ಯಾರು ಎಂಬುದು ಎರಡನೆಯ ಪ್ರಶ್ನೆ. ವೀಕ್ಷಕ ವಿವರಣೆಗಾರರು ಇವೆರಡಕ್ಕೂ ಉತ್ತರ ಕೊಡದೆ ಪಿಚ್ಚಿನ ಬಗ್ಗೆಯೇ ಮಾತನಾಡುವುದು ಅವರಿಗೆ ಉದ್ಧಟತನವಾಗಿ ಕಾಣುತ್ತದೆ. ನನಗೆ ಕೇಳಿದರೆ, ಎರಡೂ ಪ್ರಶ್ನೆಗಳು ಆಟಕ್ಕಿಂತ ಸ್ವಾರಸ್ಯವಾಗಿವೆ.

“ಕ್ರೀಡಾಂಗಣಕ್ಕೇ ಕರೆದುಕೊಂಡು ಹೋಗಿಬಿಡಿ” ಎಂದು ನಾನು ಸಲಹೆ ಕೊಟ್ಟೆ. “ಚಿನ್ನಸ್ವಾಮಿಯ ಮಾಡಿನ ಮೇಲೆ 2015ರಿಂದ ಸೌರಫಲಕಗಳಿವೆ. 2024ರ ಬೇಸಿಗೆಯಲ್ಲಿ ಊರಿಗೆಲ್ಲ ನೀರಿನ ಬರ ಬಂದಾಗ ಮೈದಾನಕ್ಕೆ ಹಾಕಿದ್ದು ಕಬ್ಬನ್ ಪಾರ್ಕಿನ ಘಟಕದ ಸಂಸ್ಕರಿಸಿದ ನೀರು. ಮೆಟ್ರೋ ಇಳಿದರೆ ಕ್ರೀಡಾಂಗಣ ಪಕ್ಕದಲ್ಲೇ ಇದೆ.”

“ಅದನ್ನೂ ಹೇಳಿದೆ” ಎಂದರು ರಾಯರು. “ಪಂದ್ಯ ನಡೆಯುವುದು ರಾತ್ರಿ, ರಾತ್ರಿಯ ಹೊತ್ತು ಸೌರಫಲಕ ಏನು ಮಾಡುತ್ತದೆ ಎಂದು ಕೇಳಿದಳು.”

ಮೇಷ್ಟ್ರು ಹುರುಪಿನಿಂದ ನೆಟ್ ಮೀಟರಿಂಗ್ ವಿವರಿಸಿದರು. ಹಗಲಿನಲ್ಲಿ ಹುಟ್ಟಿದ ವಿದ್ಯುತ್ತನ್ನು ಜಾಲಕ್ಕೆ ಕೊಟ್ಟು ಅದನ್ನು ಬಿಲ್ಲಿನಲ್ಲಿ ಕಳೆಯುವ ಈ ವ್ಯವಸ್ಥೆ ಬೀಗರ ಮನೆಗೆ ಹಗಲು ಹಾಲು ಕೊಟ್ಟು ರಾತ್ರಿ ಮೊಸರು ಇಸಿದುಕೊಂಡು ಬಂದಂತೆ ಎಂಬ ಅವರ ಉಪಮೆಗೆ ರಾಯರು ಒಪ್ಪಿದರಾದರೂ, ಮನೆಯಲ್ಲಿ ಅದನ್ನು ಉಪಯೋಗಿಸಲು ಧೈರ್ಯ ಮಾಡಲಿಲ್ಲ.

ಈ ಕಥೆಯಲ್ಲಿ ರಾಯರಿಗೆ ಆದ ನಿಜವಾದ ಅನ್ಯಾಯ ಗೃಹಜ್ಯೋತಿಯದು. ತಿಂಗಳಿಗೆ 200 ಯೂನಿಟ್ ಮೀರದ ಮನೆಗಳಿಗೆ ಸರ್ಕಾರ 2023ರಲ್ಲಿ ಉಚಿತ ವಿದ್ಯುತ್ ಕೊಟ್ಟಾಗ, ಯಾರಿಗೆ ಎಷ್ಟು ಎಂಬುದನ್ನು ಹಿಂದಿನ ಆರ್ಥಿಕ ವರ್ಷದ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ ನಿಗದಿ ಮಾಡಲಾಯಿತು. ಆ ವರ್ಷವೆಲ್ಲ ಮನೆಯ ತುಂಬ ದೀಪ ಉರಿಸಿದವರಿಗೆ ದೊಡ್ಡ ಪಾಲು ಸಿಕ್ಕಿತು. ಅತ್ತಿಗೆಯವರ ಕಣ್ಗಾವಲಿನಲ್ಲಿ ಕತ್ತಲಲ್ಲೇ ಕುಳಿತು ಊಟ ಮಾಡಿದ ರಾಯರಿಗೆ ಚಿಕ್ಕ ಪಾಲು. ಏಪ್ರಿಲ್‌ನಲ್ಲಿ ಫ್ಯಾನು ತಿರುಗಿ, ಅದರ ಮೇಲೆ ಕ್ರಿಕೆಟ್ ಸೇರಿದರೆ ಹೆಚ್ಚಾದ ಯೂನಿಟ್ಟುಗಳಿಗೆ ಬಿಲ್ಲು ಬರುತ್ತದೆ. “ಮಿತವ್ಯಯಕ್ಕೆ ದಂಡ ಹಾಕುವ ಯೋಜನೆ ಇದು” ಎಂದು ರಾಯರು ಮನೆಯಲ್ಲಿ ಕ್ರಾಂತಿಕಾರಿ ಭಾಷಣ ಮಾಡಿದಾಗ, ಅತ್ತಿಗೆಯವರು ಆ ಬಿಲ್ಲನ್ನು ತಿರುಗಿಸಿ, ಖಾಲಿ ಇದ್ದ ಹಿಂಬದಿಯಲ್ಲಿ ತರಕಾರಿಯ ಪಟ್ಟಿ ಬರೆದು ಅವರ ಕೈಗೆ ಕೊಟ್ಟರಂತೆ.

ಇಷ್ಟಾದರೂ ಸಂಸಾರ ನಡೆದಿತ್ತು. ಅದು ಅಲುಗಾಡಿದ್ದು 2023ರ ಪ್ಲೇಆಫ್ ಪಂದ್ಯಗಳಲ್ಲಿ. ಆ ಪಂದ್ಯಗಳಲ್ಲಿ ರನ್ ಬಾರದ ಒಂದೊಂದು ಎಸೆತಕ್ಕೆ, ಅಂದರೆ ಡಾಟ್ ಬಾಲಿಗೆ, 500 ಸಸಿಗಳನ್ನು ನೆಡುವುದಾಗಿ ಬಿಸಿಸಿಐ ಘೋಷಿಸಿತು. ಪರದೆಯ ಮೇಲೆ ಡಾಟ್ ಬಾಲಿನ ಚುಕ್ಕೆಯ ಜಾಗದಲ್ಲಿ ಪುಟ್ಟದೊಂದು ಹಸಿರು ಮರ ಮೂಡತೊಡಗಿತು. ಅಡಿಗೆಮನೆಯಿಂದ ಹಾಯುತ್ತಿದ್ದ ಅತ್ತಿಗೆಯವರು ಆ ಮರವನ್ನು ಕಂಡು, ಅದರ ಅರ್ಥವನ್ನು ಕೇಳಿ ತಿಳಿದು, ಜೀವನದಲ್ಲಿ ಮೊದಲ ಬಾರಿಗೆ ಕುರ್ಚಿ ಎಳೆದುಕೊಂಡು ಕುಳಿತರು.

“ಅಂದಿನಿಂದ ಮನೆಯಲ್ಲಿ ಎರಡು ಪಕ್ಷ” ಎಂದರು ರಾಯರು. “ಚೆನ್ನೈನಲ್ಲಿ ನಡೆದ ಮೊದಲ ಕ್ವಾಲಿಫೈಯರ್‌ನಲ್ಲಿ ಧೋನಿಯ ತಂಡ ಗುಜರಾತನ್ನು ಸೋಲಿಸಿತು. ನಾನು ಬೌಂಡರಿಗೆ ಕೂಗಿದೆ, ಅವಳು ಡಾಟ್ ಬಾಲಿಗೆ ಚಪ್ಪಾಳೆ ತಟ್ಟಿದಳು. ಬ್ಯಾಟಿಗ ಬೀಸಿ ತಪ್ಪಿಸಿಕೊಂಡರೆ ‘ಐನೂರು’ ಎನ್ನುತ್ತಿದ್ದಳು. ಸಿಕ್ಸರ್ ಹೊಡೆದರೆ ಯಾರೋ ಮರ ಕಡಿದ ಹಾಗೆ ನೋಡುತ್ತಿದ್ದಳು. ಆ ಪಂದ್ಯದಲ್ಲಿ 84 ಡಾಟ್ ಬಾಲುಗಳು, 42,000 ಸಸಿಗಳು. ಅಷ್ಟು ಸಂತೋಷದಿಂದ ಅವಳು ಕ್ರಿಕೆಟ್ ನೋಡಿದ್ದು ಅದೇ ಮೊದಲು.”

“ಇಪ್ಪತ್ತು-ಇಪ್ಪತ್ತರ 240 ಎಸೆತಗಳಲ್ಲಿ ಒಂದೂ ರನ್ ಬಾರದಿದ್ದರೆ 1,20,000 ಸಸಿಗಳು” ಎಂದು ಮೇಷ್ಟ್ರು ತಕ್ಷಣ ಗುಣಿಸಿದರು.

“ಅಂಥ ಪಂದ್ಯ ಸಮವಾಗಿ, ಗೆದ್ದವರು ಯಾರೆಂದು ತೀರ್ಮಾನಿಸಲು ಸೂಪರ್ ಓವರ್ ಬೇಕಾಗುತ್ತದೆ” ಎಂದು ಗೌಡರು ಬಿರುಸಾಗಿ ನುಡಿದರು. “ಅದರಲ್ಲೂ ರನ್ ಬಾರದಿದ್ದರೆ ಮೈದಾನವೇ ಕಾಡಾದೀತು.”

ಇಲ್ಲಿಂದ ಮುಂದೆ ಮೇಷ್ಟ್ರನ್ನು ತಡೆಯುವುದು ಯಾರಿಂದಲೂ ಸಾಧ್ಯವಾಗಲಿಲ್ಲ. ಅವರ ಪ್ರಕಾರ ಅತ್ತಿಗೆಯವರು ಹುಟ್ಟಬೇಕಾಗಿದ್ದದ್ದು ಟೆಸ್ಟ್ ಕ್ರಿಕೆಟ್ಟಿನ ಕಾಲದಲ್ಲಿ. 1964ರಲ್ಲಿ ಮದರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಬಾಪು ನಾಡಕರ್ಣಿ ಸತತ 21 ಮೇಡನ್ ಓವರುಗಳನ್ನು ಎಸೆದರು. ರನ್ ಬಾರದ ಸತತ 131 ಎಸೆತಗಳು ಎಂದರೆ ಐನೂರರ ದರದಲ್ಲಿ 65,500 ಸಸಿಗಳು, ಅದೂ ಒಬ್ಬನೇ ಮನುಷ್ಯನ ಒಂದೇ ದಿನದ ಕೃಷಿ. 1975ರ ವಿಶ್ವಕಪ್ಪಿನ ಮೊದಲ ದಿನ ಲಾರ್ಡ್ಸ್‌ನಲ್ಲಿ 60 ಓವರುಗಳಷ್ಟೂ ಹೊತ್ತು ನಿಂತು, 174 ಎಸೆತಗಳಲ್ಲಿ ಔಟಾಗದೆ 36 ರನ್ ಮಾಡಿದ ಗಾವಸ್ಕರ್ ಅವರನ್ನು ಅಂದು ಬೈಯದವರಿಲ್ಲ, ಆದರೆ ಈ ಹೊಸ ನಿಯಮದಲ್ಲಿ ಅವರೊಬ್ಬ ವನಪಾಲಕರು. ಇನ್ನು ನಮ್ಮ ಬೆಂಗಳೂರಿನವರೇ ಆದ ದ್ರಾವಿಡ್ 2008ರ ಸಿಡ್ನಿ ಟೆಸ್ಟಿನಲ್ಲಿ 18 ರನ್ ಮಾಡಿ, ಹತ್ತೊಂಬತ್ತನೆಯದಕ್ಕೆ ಸುಮಾರು 40 ಎಸೆತಗಳಷ್ಟು ಕಾದರು. ಕೊನೆಗೆ ಒಂದು ರನ್ ಬಂದಾಗ ಮೈದಾನವೆಲ್ಲ ಎದ್ದು ಚಪ್ಪಾಳೆ ತಟ್ಟಿತು.

“ಅತ್ತಿಗೆಯವರಾಗಿದ್ದರೆ ಆ ಒಂದು ರನ್ನಿಗೆ ಮರುಗುತ್ತಿದ್ದರು” ಎಂದರು ಶೆಟ್ಟರು.

ಗೌಡರಿಗೆ ಈ ದಿಕ್ಕಿನ ಮಾತು ರುಚಿಸಲಿಲ್ಲ. ಪರಿಸರದಿಂದ ಆಟಕ್ಕೆ ಆಗುವ ತೊಂದರೆಗೂ ಒಂದು ಮಿತಿ ಇರಬೇಕು ಎಂದರು. ಅದಕ್ಕೆ ರಾಯರು, 2016ರಲ್ಲಿ ಮಹಾರಾಷ್ಟ್ರದ ಬರಗಾಲದ ಕಾರಣದಿಂದ ಬಾಂಬೆ ಹೈಕೋರ್ಟ್ ಏಪ್ರಿಲ್ 30ರ ನಂತರದ ಐಪಿಎಲ್ ಪಂದ್ಯಗಳನ್ನು ಆ ರಾಜ್ಯದಿಂದ ಹೊರಗೆ ಕಳುಹಿಸಿದ್ದನ್ನು ನೆನಪಿಸಿ, ಮುಂಬಯಿಯಲ್ಲಿ ನಡೆಯಬೇಕಾಗಿದ್ದ ಫೈನಲ್ ನಮ್ಮ ಬೆಂಗಳೂರಿಗೆ ಬಂದದ್ದು ಆ ಪರಿಸರದ ದಯೆಯಿಂದಲೇ ಅಲ್ಲವೇ ಎಂದು ಕೇಳಿದರು.

“ಬಂದು ಏನಾಯಿತು?” ಎಂದು ಗೌಡರು ಹಳೆಯ ಗಾಯವನ್ನು ಮುಟ್ಟಿಸಿಕೊಂಡವರಂತೆ ನೊಂದು ನುಡಿದರು. “ನಮ್ಮ ಮನೆಯಂಗಳದಲ್ಲೇ ಹೈದರಾಬಾದಿಗೆ 8 ರನ್‌ಗಳಿಂದ ಸೋತೆವು.”

ಇಷ್ಟು ಹೊತ್ತಿಗೆ ಎರಡನೆಯ ಸುತ್ತಿನ ಕಾಫಿ ಬಂದಿತ್ತು, ಮತ್ತು ನನಗೆ ಒಂದು ವಿಷಯ ಹೊಳೆದಿತ್ತು. ಅತ್ತಿಗೆಯವರ ತಕರಾರು ಟಿ.ವಿ.ಯ ಮೇಲಿನದಲ್ಲ, ಟಿ.ವಿ.ಯ ಸುತ್ತಲಿನದರ ಮೇಲಿನದು. ನಮ್ಮ ಐದೂ ಮನೆಗಳಲ್ಲಿ ಒಂದೇ ಪಂದ್ಯ ಐದು ಪರದೆಗಳ ಮೇಲೆ ನಡೆಯುತ್ತದೆ. ಶೆಟ್ಟರ ಮನೆಯಲ್ಲಿ ಪಂದ್ಯದ ನಾಲ್ಕು ಗಂಟೆಯೂ ಏಸಿ ಓಡುತ್ತದೆ, ಅದೊಂದೇ ಹತ್ತು ಪಂದ್ಯಗಳ ವಿದ್ಯುತ್ತನ್ನು ಒಂದು ರಾತ್ರಿಗೆ ನುಂಗುತ್ತದೆ. ಗೌಡರ ಮನೆಗೆ ಇನಿಂಗ್ಸ್ ವಿರಾಮಕ್ಕೆ ಸರಿಯಾಗಿ ಪಾರ್ಸೆಲ್ ಊಟ ಬರುತ್ತದೆ, ಮರುದಿನ ಬೆಳಿಗ್ಗೆ ಅವರ ಒಣ ಕಸದ ಚೀಲವನ್ನು ಎತ್ತಲು ಇಬ್ಬರು ಬೇಕು. ಇದನ್ನು ನಾನು ಹೇಳುತ್ತಿದ್ದಂತೆ ಇಬ್ಬರೂ ಬೀದಿಯ ಆಚೆಬದಿಯ ಮರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

“ಅವಳ ಷರತ್ತೂ ಅದೇ” ಎಂದರು ರಾಯರು, ಒಳಗೆ ಬಹಳ ದಿನದಿಂದ ಇಟ್ಟುಕೊಂಡಿದ್ದ ಮಾತನ್ನು ಕೊನೆಗೂ ಹೊರಹಾಕುವವರಂತೆ. “ನೀವೆಲ್ಲರೂ ನಮ್ಮ ಮನೆಗೇ ಬರಬೇಕು. ಒಂದು ಟಿ.ವಿ., ಒಂದು ಫ್ಯಾನು, ದೀಪ ಬೇಡ. ತಿನ್ನಲು ಪುರಿ ಮತ್ತು ಕಡಲೆಕಾಯಿ, ಸಿಪ್ಪೆ ಗೊಬ್ಬರದ ಮಡಕೆಗೆ. ಗೌಡರು ಮೋಟಾರ್ ಸೈಕಲ್ ತರುವಂತಿಲ್ಲ.”

“ಎಂಬತ್ಮೂರರ ವಿಶ್ವಕಪ್ಪನ್ನು ಬೀದಿಗೊಂದು ಟಿ.ವಿ.ಯಲ್ಲಿ ಹಾಗೆಯೇ ನೋಡಿದ್ದೆವು” ಎಂದರು ಮೇಷ್ಟ್ರು ಸಂಭ್ರಮದಿಂದ. ಶೆಟ್ಟರು ಏಸಿಯ ಬಗ್ಗೆ ಏನೋ ಹೇಳಲು ಹೊರಟು ಸುಮ್ಮನಾದರು.

ಗೌಡರು ಮಾತ್ರ ಅನುಮಾನದಿಂದ ಕೇಳಿದರು: “ಹಾಗಾದರೆ ಟೆಸ್ಟ್ ಪಂದ್ಯಕ್ಕೆ? ಡಾಟ್ ಬಾಲು ಬೇಕಾದಷ್ಟಿರುತ್ತದೆ, ಆಟ ಹಗಲಿನಲ್ಲಿ ನಡೆಯುತ್ತದೆ. ಅದಕ್ಕೆ ಷರತ್ತು ಇರಲಾರದು.”

“ಅದಕ್ಕೂ ಇದೆ. ಆಸ್ಟ್ರೇಲಿಯಾದ ಕೆಲವು ಟೆಸ್ಟುಗಳು ನಮಗೆ ಬೆಳಗಿನ ಐದಕ್ಕೆ ಆರಂಭವಾಗುತ್ತವೆ, ಅದೂ ಅವರೆಕಾಯಿಯ ಕಾಲದಲ್ಲಿ. ಟಿ.ವಿ.ಯ ಬೆಳಕು ಹೇಗೂ ಇರುತ್ತದಲ್ಲ, ಅದನ್ನು ವ್ಯರ್ಥ ಮಾಡಬಾರದು ಎಂದು ನನ್ನ ಮುಂದೆ ನೆನೆಸಿದ ಅವರೆಕಾಳಿನ ಬೋಗುಣಿ ಇಡುತ್ತಾಳೆ. 2024ರ ಮೆಲ್ಬರ್ನ್ ಟೆಸ್ಟಿನ ಕೊನೆಯ ದಿನ, ಚಹಾ ವಿರಾಮದ ವೇಳೆಗೆ ಭಾರತ ಮೂರೇ ವಿಕೆಟ್ ಕಳೆದುಕೊಂಡು ಚೆನ್ನಾಗಿ ನಿಂತಿತ್ತು, ನಾನೂ ಒಂದೊಂದೇ ಕಾಳನ್ನು ನೆಮ್ಮದಿಯಾಗಿ ಹಿದುಕುತ್ತಿದ್ದೆ. ಆಮೇಲೆ ಏಳು ವಿಕೆಟ್‌ಗಳು ದಬದಬನೆ ಉದುರಿದವು, ಆ ಸಿಟ್ಟಿನಲ್ಲಿ ನನ್ನ ಬೆರಳುಗಳೂ ವೇಗ ಹಿಡಿದವು. ಪಂದ್ಯ 184 ರನ್‌ಗಳಿಂದ ಹೋಯಿತು. ಹಿದುಕಿದ ಬೇಳೆ ಸಾರು ಮಧ್ಯಾಹ್ನದ ಊಟಕ್ಕೆ ಒಂದು ಗಂಟೆ ಮೊದಲೇ ಸಿದ್ಧವಾಯಿತು.”